ಉಲ್ಟಾ ಹೊಡೆದ ಅಭ್ಯರ್ಥಿ: ನಾಲ್ಕು ತಾರೀಖು ಬರೆದು ನೋಡಿ

ಚುನಾವಣೆ ಹತ್ತಿರ ಬಂದಂತೆ ಮೊಬೈಲಿಗೆ ಒಂದೇ ಬಗೆಯ ವಿಡಿಯೋಗಳು ಬರತೊಡಗುತ್ತವೆ. ಪರದೆಯ ಎಡಕ್ಕೆ ಅಭ್ಯರ್ಥಿ ಐದು ವರ್ಷದ ಹಿಂದೆ ಆಡಿದ ಮಾತು, ಬಲಕ್ಕೆ ಮೊನ್ನೆ ಆಡಿದ ಮಾತು. ಒಂದಕ್ಕೊಂದು ತದ್ವಿರುದ್ಧ. ಕೆಳಗೆ ದಪ್ಪಕ್ಷರದಲ್ಲಿ ‘ಉಲ್ಟಾ ಹೊಡೆದ ನಾಯಕ’. ನೋಡಿದವರು ನಕ್ಕು, ನಾಲ್ಕು ಗುಂಪಿಗೆ ಕಳಿಸಿ, ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ಒಬ್ಬರ ಬಗ್ಗೆ ತೀರ್ಪು ಆಗಿಹೋಗಿರುತ್ತದೆ.

ಆ ತೀರ್ಪು ಸರಿಯೂ ಇರಬಹುದು, ತಪ್ಪೂ ಇರಬಹುದು. ವಿಡಿಯೋ ನೋಡಿ ಹೇಳಲು ಬರುವುದಿಲ್ಲ. ಹೇಳಲು ಬೇಕಾದ ಸಂಗತಿಯೆಲ್ಲ ಆ ಎರಡು ತುಣುಕುಗಳ ನಡುವಿನ ಐದು ವರ್ಷದಲ್ಲಿದೆ, ಕತ್ತರಿಸಿ ಅಂಟಿಸಿದವರು ಅದನ್ನೇ ಬಿಟ್ಟಿದ್ದಾರೆ.

ನಿಲುವು ಬದಲಾಯಿಸಿದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಕೈಬಿಡಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೈಬಿಡಬೇಕಾದದ್ದು ಬದಲಾವಣೆಯ ಲೆಕ್ಕ ಒಪ್ಪಿಸದವರನ್ನು. ಯಾವಾಗ ಬದಲಾದರು, ಏನು ಕಾರಣ, ಅದರಿಂದ ಅವರ ಕೈಯಿಂದ ಏನು ಹೋಯಿತು, ಹಳೆಯ ಮಾತು ತಮ್ಮದೇ ಎಂದು ಒಪ್ಪಿಕೊಳ್ಳುತ್ತಾರೋ ಇಲ್ಲವೋ, ಇವಿಷ್ಟೂ ಆ ಲೆಕ್ಕದಲ್ಲಿ ಇರಬೇಕು. ಒಂದು ಹಾಳೆ, ಒಂದು ಪೆನ್ನು, ಎರಡು ಗಂಟೆ ಬಿಡುವು ಇದ್ದರೆ ಯಾವ ಮತದಾರರಾದರೂ ಇದನ್ನು ತಾವೇ ಮಾಡಬಹುದು.

ಮೊದಲು ಬದಲಾದದ್ದು ಏನು ಎಂದು ಒಂದು ಸಾಲಿನಲ್ಲಿ ಬರೆಯಿರಿ. ಇಲ್ಲೇ ಬಹಳಷ್ಟು ಜನ ಎಡವುತ್ತಾರೆ. ಎಲ್ಲ ಮಕ್ಕಳಿಗೂ ಒಳ್ಳೆಯ ಶಿಕ್ಷಣ ಸಿಗಬೇಕು ಎನ್ನುವುದು ಗುರಿ. ಅದಕ್ಕೆ ಸರ್ಕಾರವೇ ಶಾಲೆ ಕಟ್ಟಬೇಕೋ, ಶುಲ್ಕದ ಹಣವನ್ನು ಪೋಷಕರ ಕೈಗೆ ಕೊಡಬೇಕೋ ಎನ್ನುವುದು ದಾರಿ. ಹಿಂದೆ ಒಂದು ದಾರಿ ಹೇಳಿದವರು ಈಗ ಇನ್ನೊಂದನ್ನು ಹೇಳಿದರೆ, ಗುರಿ ಹಾಗೇ ಇರುವಾಗ, ಅದು ಕೆಲಸ ಮಾಡಿ ಕಲಿತವರ ಬದಲಾವಣೆ ಇರಬಹುದು. ಗುರಿಯೇ ಬದಲಾಗಿದ್ದರೆ ನೀವು ಮತ ಹಾಕಲು ಹೊರಟಿರುವುದು ಬೇರೆಯೇ ವ್ಯಕ್ತಿಗೆ. ಇನ್ನು ಕೆಲವರಲ್ಲಿ ಗುರಿಯೂ ದಾರಿಯೂ ಬದಲಾಗಿರುವುದಿಲ್ಲ, ಮಾತಿನ ಬಿಸಿ ಮಾತ್ರ ಹೆಚ್ಚುಕಡಿಮೆ ಆಗಿರುತ್ತದೆ. ಅದಕ್ಕೆ ಹಾಳೆ ಖರ್ಚು ಮಾಡಬೇಡಿ.

ನಿಲುವು ಬೇರೆ, ಭರವಸೆ ಬೇರೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ‘ತೆರಿಗೆ ಕಡಿಮೆ ಇದ್ದರೆ ಒಳ್ಳೆಯದು’ ಎಂಬುದು ನಿಲುವು. ‘ನನ್ನನ್ನು ಗೆಲ್ಲಿಸಿ, ಹೊಸ ತೆರಿಗೆ ಹಾಕುವುದಿಲ್ಲ’ ಎಂಬುದು ಭರವಸೆ. ಅದರ ಬೆಲೆಯಾಗಿ ಮತ ಪಡೆದಾಗಿದೆ. ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಹಿರಿಯ ಜಾರ್ಜ್ ಬುಷ್ 1988ರ ಆಗಸ್ಟ್‌ನಲ್ಲಿ ಪಕ್ಷದ ಸಮಾವೇಶದಲ್ಲಿ ನಿಂತು, ನನ್ನ ತುಟಿ ನೋಡಿಕೊಳ್ಳಿ, ಹೊಸ ತೆರಿಗೆ ಇಲ್ಲ ಎಂದರು. 1990ರಲ್ಲಿ ವಿತ್ತೀಯ ಕೊರತೆ ಏರುತ್ತಿದ್ದಾಗ, ವಿರೋಧ ಪಕ್ಷದ ಹಿಡಿತದಲ್ಲಿದ್ದ ಸಂಸತ್ತಿನೊಂದಿಗೆ ಒಪ್ಪಂದಕ್ಕೆ ಬಂದು, ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 28ರಿಂದ ಶೇ 31ಕ್ಕೆ ಏರಿಸುವ ಕಾಯ್ದೆಗೆ ಸಹಿ ಹಾಕಿದರು. ಆ ತೀರ್ಮಾನ ಆರ್ಥಿಕವಾಗಿ ಸರಿ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಅವರ ಮೂಲ ತಪ್ಪು 1990ರದ್ದಲ್ಲ, 1988ರದ್ದು: ತಮ್ಮ ಕೈಯಲ್ಲಿ ಪೂರ್ತಿ ಇಲ್ಲದ ವಿಷಯಕ್ಕೆ ಷರತ್ತಿಲ್ಲದ ಮಾತು ಕೊಟ್ಟದ್ದು. ಹಾಳೆಯಲ್ಲಿ ಭರವಸೆ ಮುರಿದದ್ದಕ್ಕೆ ನಿಲುವು ಬದಲಾದದ್ದಕ್ಕಿಂತ ದೊಡ್ಡ ಗುರುತು ಹಾಕಿ.

ಇನ್ನು ತಾರೀಖುಗಳು. ನಾಲ್ಕು ಬೇಕು. ಹಳೆಯ ಮಾತನ್ನು ಕೊನೆಯ ಸಲ ಆಡಿದ ದಿನ. ಹೊಸ ಮಾತನ್ನು ಮೊದಲ ಸಲ ಆಡಿದ ದಿನ. ಮನಸ್ಸು ಬದಲಾಗಲು ಕಾರಣ ಎಂದು ಅವರೇ ಹೇಳುವ ಘಟನೆ ನಡೆದ ದಿನ. ಮತ್ತು ಲಾಭದ ದಿನ, ಅಂದರೆ ಟಿಕೆಟ್ ಸಿಕ್ಕ ದಿನ, ಮೈತ್ರಿ ಆದ ದಿನ, ಮಂತ್ರಿಗಿರಿ ಬಂದ ದಿನ, ಮತದಾನದ ದಿನ, ಯಾವುದು ಅನ್ವಯಿಸುತ್ತದೋ ಅದು. ನಾಲ್ಕನ್ನೂ ಒಂದು ಗೆರೆಯ ಮೇಲೆ ಕ್ರಮವಾಗಿ ಇಡಿ. ಕಾರಣದ ಘಟನೆ ಹಳೆಯ ಮಾತಿಗೂ ಹೊಸ ಮಾತಿಗೂ ನಡುವೆ ಬಂದರೆ ಕಥೆಗೆ ಕಾಲಿದೆ. ಕಾರಣದ ಘಟನೆ ಹಳೆಯ ಮಾತಿಗಿಂತಲೂ ಮೊದಲೇ ನಡೆದಿದ್ದರೆ, ಅದು ಗೊತ್ತಿದ್ದೂ ಹಳೆಯ ಮಾತು ಆಡಿದರು ಎಂದಾಯಿತು. ಕಾರಣವನ್ನು ಆಮೇಲೆ ಹುಡುಕಿ ತಂದಿದ್ದಾರೆ. ಹೊಸ ಮಾತು ಲಾಭದ ದಿನದ ಹಿಂದುಮುಂದಿನ ಕೆಲವೇ ವಾರಗಳಲ್ಲಿ ಬಿದ್ದಿದ್ದರೆ ಅನುಮಾನಕ್ಕೆ ಜಾಗವಿದೆ. ಅನುಮಾನ ಅಷ್ಟೇ, ಇನ್ನೂ ತೀರ್ಪಲ್ಲ.

ಇದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಜರ್ಮನಿಯ ಅಂಗೆಲಾ ಮರ್ಕೆಲ್ ಅವರ ಅಣುವಿದ್ಯುತ್ ನಿರ್ಧಾರವನ್ನು ಈ ಗೆರೆಯ ಮೇಲೆ ಇಟ್ಟು ನೋಡಿ. 2010ರ ಅಕ್ಟೋಬರ್ 28ರಂದು ಅವರ ಸರ್ಕಾರ ದೇಶದ 17 ರಿಯಾಕ್ಟರ್‌ಗಳ ಆಯಸ್ಸನ್ನು ಸರಾಸರಿ 12 ವರ್ಷ ಹೆಚ್ಚಿಸುವ ಮಸೂದೆಯನ್ನು ಸಂಸತ್ತಿನಲ್ಲಿ ಗೆಲ್ಲಿಸಿತು. 2011ರ ಮಾರ್ಚ್ 11ಕ್ಕೆ ಸುನಾಮಿ ಬಡಿದು ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ. ಮಾರ್ಚ್ 14ಕ್ಕೆ ಮರ್ಕೆಲ್ ಆಯಸ್ಸು ವಿಸ್ತರಣೆಯನ್ನು ಮೂರು ತಿಂಗಳು ತಡೆಹಿಡಿದರು. ಮರುದಿನ ಹಳೆಯ ರಿಯಾಕ್ಟರ್‌ಗಳನ್ನು ನಿಲ್ಲಿಸುವ ಘೋಷಣೆ. ಮಾರ್ಚ್ 27ಕ್ಕೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಚುನಾವಣೆ. ಅಲ್ಲಿ ಅವರ ಪಕ್ಷ 1953ರಿಂದ ಅಧಿಕಾರದಲ್ಲಿತ್ತು.

ಕಾರಣದ ಘಟನೆ ಇದೆ, ಇರಬೇಕಾದ ಜಾಗದಲ್ಲೇ ಇದೆ. ಅದರ ಬೆನ್ನಿಗೇ ಹದಿಮೂರು ದಿನ ದೂರದಲ್ಲಿ ಚುನಾವಣೆಯೂ ಇದೆ. ಜರ್ಮನಿಯ ರಿಯಾಕ್ಟರ್‌ಗಳಿಗೆ ಸುನಾಮಿಯ ಭಯ ಮಾರ್ಚ್ 10ಕ್ಕೆ ಎಷ್ಟಿತ್ತೋ 14ಕ್ಕೂ ಅಷ್ಟೇ. ಹಾಗಾದರೆ ಇದು ಮತಕ್ಕಾಗಿ ಮಾಡಿದ್ದೇ? ಆ ವಾರ ಕೂತು ಬರೆದಿದ್ದರೆ ನ್ಯಾಯವಾಗಿ ‘ಗೊತ್ತಿಲ್ಲ’ ಎಂದೇ ಬರೆಯಬೇಕಿತ್ತು.

ಉತ್ತರ ಸಿಗುವುದು ಲಾಭದ ದಿನ ಕಳೆದ ಮೇಲೆ. ಆ ರಾಜ್ಯ ಅವರ ಪಕ್ಷದ ಕೈತಪ್ಪಿತು, ಹಸಿರು ಪಕ್ಷದವರು ಮುಖ್ಯಮಂತ್ರಿಯಾದರು. ಮತಕ್ಕಾಗಿಯೇ ಹಾಕಿದ ವೇಷವಾಗಿದ್ದರೆ ಮೂರು ತಿಂಗಳ ತಡೆಯ ಅವಧಿ ಮುಗಿದೊಡನೆ ಕಳಚಿ ಹಾಕಬಹುದಿತ್ತು. ಬದಲಿಗೆ ಜೂನ್‌ನಲ್ಲಿ ಮರ್ಕೆಲ್ ಸಂಸತ್ತಿನಲ್ಲಿ ನಿಂತು, ಜಪಾನಿನಂಥ ಮುಂದುವರಿದ ದೇಶದಲ್ಲೇ ಅಪಾಯ ಕೈಮೀರಿದ್ದನ್ನು ಕಂಡು ತಮ್ಮ ಅಂದಾಜು ಬದಲಾಯಿತೆಂದು ವಿವರಿಸಿದರು. ಜೂನ್ 30ಕ್ಕೆ 2022ರೊಳಗೆ ಎಲ್ಲ ರಿಯಾಕ್ಟರ್ ಮುಚ್ಚುವ ಕಾಯ್ದೆ 513 ಮತಗಳಿಂದ ಅಂಗೀಕಾರವಾಯಿತು. ಕೊನೆಯ ಮೂರು ನಿಂತದ್ದು 2023ರ ಏಪ್ರಿಲ್ 15ಕ್ಕೆ, ಅವರು ಅಧಿಕಾರ ಬಿಟ್ಟ ಮೇಲೆ. ನಿರ್ಧಾರ ದೇಶಕ್ಕೆ ಒಳ್ಳೆಯದಾಯಿತೋ ಇಲ್ಲವೋ ಎಂಬುದು ಬೇರೆ ಚರ್ಚೆ. ಹೊಸ ನಿಲುವು ಲಾಭದ ದಿನ ದಾಟಿ ಬದುಕಿತು, ಅದನ್ನು ನಾವು ಬರೆದುಕೊಳ್ಳಬೇಕು. ಆದ್ದರಿಂದ ನಾಲ್ಕು ತಾರೀಖಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ಲಾಭ ಮುಗಿದ ಮೇಲೆಯೂ ಹೊಸ ಮಾತು ನಿಂತಿದೆಯೇ?

ತೆತ್ತ ಬೆಲೆ ನೋಡುವುದು ಇನ್ನೂ ನೇರವಾದ ಪರೀಕ್ಷೆ. ಇದಕ್ಕೆ ಬ್ರಿಟನ್ನಿನ ರಾಬರ್ಟ್ ಪೀಲ್ ಅವರಷ್ಟು ಒಳ್ಳೆಯ ಪಾಠ ನನಗೆ ಬೇರೆ ಕಂಡಿಲ್ಲ, ಯಾಕೆಂದರೆ ಅವರು ಎರಡು ಸಲ ಬದಲಾದರು, ಎರಡು ಸಲವೂ ದೊಡ್ಡ ವಿಷಯದಲ್ಲಿ. ಕ್ಯಾಥೋಲಿಕರಿಗೆ ಸಂಸತ್ತಿನಲ್ಲಿ ಕೂರುವ ಹಕ್ಕು ಕೊಡಬಾರದು ಎಂದು ವರ್ಷಗಟ್ಟಲೆ ವಾದಿಸಿದವರು 1829ರಲ್ಲಿ, ಐರ್ಲೆಂಡ್ ಅಂತರ್ಯುದ್ಧದ ಅಂಚಿಗೆ ಬಂದಾಗ, ಕೊಡಲೇಬೇಕು ಎಂಬ ಕಡೆಗೆ ಬಂದರು. ಆಗ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ಷೇತ್ರದ ಪ್ರತಿನಿಧಿ. ಹಳೆಯ ನಿಲುವನ್ನು ನಂಬಿಯೇ ಆ ಮತದಾರರು ಅವರನ್ನು ಆರಿಸಿದ್ದರು. ಪೀಲ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಅದೇ ಕ್ಷೇತ್ರದಲ್ಲಿ ಮತ್ತೆ ನಿಂತರು. ಸೋತರು. ಬೇರೆ ಸಣ್ಣ ಕ್ಷೇತ್ರದಿಂದ ಒಳಗೆ ಬಂದು ಕಾಯ್ದೆ ಮಾಡಿಸಿದರು.

ಎರಡನೆಯದು ಧಾನ್ಯ ಆಮದಿನ ಸುಂಕ. 1841ರಲ್ಲಿ ಅವರನ್ನು ಗೆಲ್ಲಿಸಿ ಪ್ರಧಾನಿ ಮಾಡಿದ್ದು ಸುಂಕ ಉಳಿಯಬೇಕೆನ್ನುವ ಜಮೀನುದಾರರ ಪಕ್ಷ. ಪೀಲ್ ಅವರ ಮನಸ್ಸು ಆಗಲೇ ನಿಧಾನಕ್ಕೆ ಮುಕ್ತ ವ್ಯಾಪಾರದ ಕಡೆ ವಾಲುತ್ತಿತ್ತು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ತಮ್ಮ ಮಂತ್ರಿಮಂಡಲ ಒಪ್ಪದಿದ್ದಾಗ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು; ವಿರೋಧ ಪಕ್ಷಕ್ಕೆ ಸರ್ಕಾರ ರಚಿಸಲಾಗಲಿಲ್ಲ, ತಿಂಗಳೊಳಗೆ ಇವರೇ ವಾಪಸು ಬರಬೇಕಾಯಿತು. 1846ರ ಜೂನ್ 25ಕ್ಕೆ ಸುಂಕ ರದ್ದತಿ ಮೇಲ್ಮನೆಯಲ್ಲಿ ಅಂಗೀಕಾರವಾದ ರಾತ್ರಿಯೇ, ಕೆಳಮನೆಯಲ್ಲಿ ಸಿಟ್ಟಿಗೆದ್ದ ಸ್ವಪಕ್ಷೀಯರು ಬೇರೊಂದು ಮಸೂದೆಯಲ್ಲಿ ವಿರೋಧಿಗಳ ಜೊತೆ ಸೇರಿ ಅವರನ್ನು ಕೆಡವಿದರು. ನಾಲ್ಕು ದಿನಕ್ಕೆ ಅಧಿಕಾರ ಬಿಟ್ಟರು, ಮತ್ತೆ ಬರಲಿಲ್ಲ. ಪಕ್ಷ ಒಡೆಯಿತು.

ಅವರ ಪಕ್ಷದವರಿಗೆ ದ್ರೋಹ ಎನಿಸಿದ್ದರಲ್ಲಿ ತಪ್ಪೇನಿಲ್ಲ. 1829ರಲ್ಲಿ ಮತದಾರರ ಮುಂದೆ ಹೋದ ಹಾಗೆ 1846ರಲ್ಲಿ ಹೋಗಲಿಲ್ಲ ಎಂಬುದು ನನ್ನ ದೃಷ್ಟಿಯಲ್ಲಿ ಅವರ ಲೆಕ್ಕದಲ್ಲಿ ಉಳಿದ ಬಾಕಿ. ಆದರೆ ಬದಲಾವಣೆಯಿಂದ ಗಳಿಸಿದ್ದು ಸೊನ್ನೆ, ಕಳೆದುಕೊಂಡದ್ದು ಎಲ್ಲ. ಕುರ್ಚಿಗಾಗಿ ಮಾಡಿದರು ಎಂದು ಅವರನ್ನು ಕಂಡರಾಗದವರಿಗೂ ಹೇಳುವುದು ಕಷ್ಟ.

ಗಾಳಿ ಬಂದಾಗ ತೂರಿಕೊಂಡವರ ಗೆರೆ ಇದಕ್ಕೆ ಉಲ್ಟಾ. ಅಮೆರಿಕದ ಅಲಬಾಮಾದಲ್ಲಿ ಜಾರ್ಜ್ ವಾಲೆಸ್ 1958ರಲ್ಲಿ ರಾಜ್ಯಪಾಲ ಹುದ್ದೆಗೆ (ಅಲ್ಲಿ ಅದು ರಾಜ್ಯ ಸರ್ಕಾರ ನಡೆಸುವ ಚುನಾಯಿತ ಹುದ್ದೆ) ಸ್ಪರ್ಧಿಸಿದಾಗ ಕರಿಯರ ಹಕ್ಕುಗಳ ಸಂಘಟನೆಯ ಬೆಂಬಲ ಅವರಿಗಿತ್ತು. ಪಕ್ಷದ ಒಳಚುನಾವಣೆಯಲ್ಲಿ ಸೋತರು. 1962ರಲ್ಲಿ ಕಟ್ಟಾ ವರ್ಣಭೇದವಾದಿಯಾಗಿ ನಿಂತು ಗೆದ್ದು, 1963ರ ಜನವರಿಯ ಪ್ರಮಾಣವಚನದ ಭಾಷಣದಲ್ಲಿ ವರ್ಣಭೇದ ಎಂದೆಂದಿಗೂ ಇರಲಿ ಎಂದರು. ಸೋಲು, ಆಮೇಲೆ ಬದಲಾವಣೆ, ಆಮೇಲೆ ಗೆಲುವು. ನಡುವೆ ಕಾರಣದ ಘಟನೆಯೇ ಇಲ್ಲ, ಸೋಲೇ ಕಾರಣ. ಎಪ್ಪತ್ತರ ದಶಕದ ಕೊನೆಗೆ ಅವರು ಕರಿಯರ ಚರ್ಚ್‌ಗೆ ಹೋಗಿ ಕ್ಷಮೆ ಕೇಳಿದರು. 1982ರಲ್ಲಿ ಕರಿಯರ ಮತಗಳ ಬಲದಿಂದಲೂ ಗೆದ್ದರು. ಆ ಎರಡನೇ ಬದಲಾವಣೆ ಮನಸ್ಸಿನಿಂದ ಬಂದದ್ದೋ, ಅಷ್ಟರಲ್ಲಿ ಕರಿಯರಿಗೆ ಮತದ ಹಕ್ಕು ಗಟ್ಟಿಯಾಗಿದ್ದರಿಂದಲೋ? ಎರಡೂ ಇದ್ದಿರಬಹುದು. ತಮಗೆ ಆದ ಅನ್ಯಾಯವನ್ನು ಕ್ಷಮಿಸುವ ಅಧಿಕಾರ ಆ ಮತದಾರರದು, ಹಲವರು ಕ್ಷಮಿಸಿದರು ಕೂಡ. ದೂರದಲ್ಲಿ ಕೂತ ನಾವು ಅದನ್ನು ಅವರ ಪರವಾಗಿ ಮಾಡಲಾಗದು.

ಕ್ಷಮೆಯ ಮಾತು ಬಂತು. ಕ್ಷಮಾಪಣೆಯನ್ನು ಅಕ್ಷರ ಅಕ್ಷರ ಓದಬೇಕು. ಬ್ರಿಟನ್ನಿನ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ ನಿಕ್ ಕ್ಲೆಗ್ ಮತ್ತು ಅವರ ಅಭ್ಯರ್ಥಿಗಳು 2010ರ ಚುನಾವಣೆಗೆ ಮುನ್ನ, ವಿಶ್ವವಿದ್ಯಾಲಯದ ಶುಲ್ಕ ಏರಿಕೆಯ ವಿರುದ್ಧ ಮತ ಹಾಕುತ್ತೇವೆ ಎಂಬ ಕಾಗದಕ್ಕೆ ಸಹಿ ಮಾಡಿದ್ದರು. ಚುನಾವಣೆಯ ನಂತರ ಮೈತ್ರಿ ಸರ್ಕಾರ ಸೇರಿದರು. ಅದೇ ವರ್ಷ ಡಿಸೆಂಬರ್ 9ರಂದು ಶುಲ್ಕದ ಮಿತಿಯನ್ನು ಸುಮಾರು 3,300 ಪೌಂಡ್‌ನಿಂದ 9,000ಕ್ಕೆ ಏರಿಸುವ ಪ್ರಸ್ತಾವ 323ಕ್ಕೆ 302 ಮತಗಳಿಂದ ಗೆದ್ದಿತು. ಕ್ಲೆಗ್ ಪರವಾಗಿ ಮತ ಹಾಕಿದರು. ಅವರದೇ ಪಕ್ಷದ 21 ಸದಸ್ಯರು ಕೊಟ್ಟ ಮಾತಿಗೆ ನಿಂತು ವಿರುದ್ಧ ಹಾಕಿದರು. 2012ರ ಸೆಪ್ಟೆಂಬರ್‌ನಲ್ಲಿ ಕ್ಲೆಗ್ ಕ್ಷಮೆ ಕೇಳಿದರು, ಆದರೆ ಕೇಳಿದ್ದು ಯಾವುದಕ್ಕೆ? ಈಡೇರಿಸಲಾಗದ ಮಾತು ಕೊಟ್ಟದ್ದಕ್ಕೆ. ಶುಲ್ಕ ಏರಿಸಿದ್ದಕ್ಕಲ್ಲ. 2015ರಲ್ಲಿ ಪಕ್ಷ 57 ಸ್ಥಾನದಿಂದ 8ಕ್ಕೆ ಇಳಿಯಿತು. ಅದಕ್ಕೆ ಕಾರಣ ಇದೊಂದೇ ಅಲ್ಲ, ಆದರೆ ಇದು ಸಣ್ಣ ಕಾರಣವೂ ಅಲ್ಲ.

‘ನನ್ನ ಮಾತನ್ನು ತಿರುಚಲಾಗಿದೆ’, ‘ಕಾಲಕ್ಕೆ ತಕ್ಕಂತೆ’, ‘ಜನರ ಭಾವನೆಗೆ ಬೆಲೆ ಕೊಟ್ಟು’, ಇಂಥ ಮಾತುಗಳಲ್ಲಿ ಲೆಕ್ಕ ಇಲ್ಲ, ಅಡ್ಡಗೋಡೆಯ ಮೇಲಿಟ್ಟ ದೀಪ ಇದೆ. ಲೆಕ್ಕ ಕೊಡುವವರ ಮಾತಿನಲ್ಲಿ ಮೂರು ವಾಕ್ಯ ಸಿಗುತ್ತವೆ: ಆಗ ನಾನು ಹೀಗೆ ಹೇಳಿದ್ದೆ, ಇಂಥದ್ದನ್ನು ನೋಡಿದ ಮೇಲೆ ಅದು ತಪ್ಪೆಂದು ತಿಳಿಯಿತು, ಆದ್ದರಿಂದ ಈಗ ಹೀಗೆ ಮಾಡುತ್ತೇನೆ. ಮೊದಲ ವಾಕ್ಯವೇ ಬಾಯಿಂದ ಹೊರಡದಿದ್ದರೆ ಉಳಿದೆರಡಕ್ಕೆ ಬೆಲೆಯಿಲ್ಲ. ಬದಲಾದ ಮೇಲೆ ಮತದಾರರ ಬಳಿ ಮತ್ತೆ ಹೋಗುವವರಿಗೆ ಇನ್ನೂ ಹೆಚ್ಚಿನ ಅಂಕ. ದಕ್ಷಿಣ ಆಫ್ರಿಕಾದ ಅಧ್ಯಕ್ಷ ಡಿ ಕ್ಲರ್ಕ್ 1990ರಲ್ಲಿ ವರ್ಣಭೇದ ನೀತಿಯಿಂದ ಹೊರಬರುವ ಮಾತುಕತೆ ಆರಂಭಿಸಿದವರು, 1992ರ ಫೆಬ್ರವರಿಯಲ್ಲಿ ಒಂದು ಉಪಚುನಾವಣೆ ಸೋತೊಡನೆ, ನಾನು ಮುಂದುವರಿಯಲೋ ಬೇಡವೋ ಎಂದು ಬಿಳಿಯ ಮತದಾರರನ್ನೇ ಕೇಳಿದರು. ಮಾರ್ಚ್ 17ರ ಆ ಜನಮತದಲ್ಲಿ ಸುಮಾರು ಶೇ 69ರಷ್ಟು ಜನ ಹೌದು ಎಂದರು.

ಪುರಾವೆ ಹುಡುಕುವಾಗ ಆಗುವ ತಪ್ಪುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದ ಹುಡುಕುವವರೂ ಇಲ್ಲಿ ಮೋಸ ಹೋಗುತ್ತಾರೆ.

ಸದನದ ಮತ ಎಲ್ಲಕ್ಕಿಂತ ಗಟ್ಟಿ ಪುರಾವೆ ಎನಿಸುತ್ತದೆ. ಆದರೆ 2003ರಲ್ಲಿ ಅಮೆರಿಕದ ಸೆನೆಟರ್ ಜಾನ್ ಕೆರಿ ಹಾಕಿದ ಮತವನ್ನು ನೋಡಿ. ಇರಾಕ್ ಮತ್ತು ಅಫ್ಘಾನಿಸ್ತಾನಕ್ಕೆ 87 ಶತಕೋಟಿ ಡಾಲರ್ ಕೊಡುವ ಮಸೂದೆ. ಆ ಹಣವನ್ನು ಶ್ರೀಮಂತರ ತೆರಿಗೆ ಕಡಿತ ಹಿಂಪಡೆದು ಹೊಂದಿಸೋಣ ಎಂಬ ತಿದ್ದುಪಡಿಗೆ ಅವರು ಹೌದು ಎಂದರು. ತಿದ್ದುಪಡಿ ಬಿದ್ದು ಮೂಲ ಮಸೂದೆ ಬಂದಾಗ ಇಲ್ಲ ಎಂದರು. ಅದರಲ್ಲಿ ತರ್ಕವಿದೆ. ಮುಂದಿನ ವರ್ಷ ಅಧ್ಯಕ್ಷ ಚುನಾವಣೆಯ ಪ್ರಚಾರದಲ್ಲಿ ಅದನ್ನೇ ‘ವಿರುದ್ಧ ಮತ ಹಾಕುವ ಮೊದಲು ಪರವಾಗಿ ಹಾಕಿದ್ದೆ’ ಎಂದು ಹೇಳಿ, ಇಡೀ ಚುನಾವಣೆಯುದ್ದಕ್ಕೂ ಎರಡು ನಾಲಿಗೆಯವರು ಎನಿಸಿಕೊಂಡರು. ಮತ ಬಿದ್ದದ್ದು ಮೂಲ ಮಸೂದೆಗೋ, ತಿದ್ದುಪಡಿಗೋ, ಚರ್ಚೆ ಮುಂದೂಡುವ ನಿರ್ಣಯಕ್ಕೋ ಎಂದು ನೋಡದೆ ಹಾಳೆಗೆ ಇಳಿಸಬೇಡಿ.

ಕೆಲವು ದೇಶಗಳಲ್ಲಿ ವ್ಯಕ್ತಿಯ ಮತವೇ ಸಿಗುವುದಿಲ್ಲ. ಭಾರತದ ಸಂಸತ್ತಿನಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಮತವಿಭಜನೆ ನಡೆದಾಗ ಮಾತ್ರ ಯಾರು ಯಾವ ಕಡೆ ಎಂಬುದು ದಾಖಲಾಗುತ್ತದೆ. ದಾಖಲಾದರೂ, 1985ರ 52ನೇ ತಿದ್ದುಪಡಿ ತಂದ ಪಕ್ಷಾಂತರ ನಿಷೇಧದ ನಂತರ ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಬ್ರಿಟನ್ನಿನ ಆ 21 ಜನರಿಗೆ ಇದ್ದ ಸ್ವಾತಂತ್ರ್ಯ ಇಲ್ಲಿನ ಸದಸ್ಯರಿಗೆ ಇಲ್ಲ. ಹಾಗಾಗಿ ಅಂಥ ಕಡೆ ಮತಕ್ಕಿಂತ ಸದನದ ಭಾಷಣ, ಕೇಳಿದ ಪ್ರಶ್ನೆಗಳು, ಸಮಿತಿ ವರದಿಯಲ್ಲಿ ದಾಖಲಿಸಿದ ಭಿನ್ನಮತ, ಇವೇ ವ್ಯಕ್ತಿಯ ನಿಜವಾದ ಗುರುತು. ಇವೆಲ್ಲ ತಾರೀಖಿನ ಸಮೇತ ಮುದ್ರಿತವಾಗಿರುತ್ತವೆ. ಪ್ರಚಾರ ಸಭೆಯ ತುಣುಕು ಸಿಕ್ಕರೆ ಹಿಂದಿನ ಎರಡು ನಿಮಿಷ, ಮುಂದಿನ ಎರಡು ನಿಮಿಷ ಸಿಗುವ ತನಕ ಅದನ್ನು ಪುರಾವೆ ಎಂದು ಎಣಿಸಬೇಡಿ. ‘ಕೆಲವರು ಹೀಗೆನ್ನುತ್ತಾರೆ’ ಎಂದು ಶುರುವಾದ ವಾಕ್ಯದ ತಲೆ ಕತ್ತರಿಸಿದರೆ ಎದುರಾಳಿಯ ವಾದವೇ ಅವರ ನಿಲುವಾಗಿಬಿಡುತ್ತದೆ.

ಕುರ್ಚಿ ಬದಲಾದೊಡನೆ ಇಡೀ ಪಕ್ಷಗಳೇ ಮಾತು ಅದಲುಬದಲು ಮಾಡಿಕೊಳ್ಳುವುದೂ ಉಂಟು. ಜಿಎಸ್‌ಟಿಗಾಗಿ 2011ರಲ್ಲಿ ಕಾಂಗ್ರೆಸ್ ನೇತೃತ್ವದ ಕೇಂದ್ರ ಸರ್ಕಾರ ಮಸೂದೆ ತಂದಾಗ ಬಿಜೆಪಿ ಆಡಳಿತದ ಗುಜರಾತ್, ಮಧ್ಯಪ್ರದೇಶ ಸರ್ಕಾರಗಳು ತಕರಾರು ಎತ್ತಿದವು. 2014ರ ನಂತರ ಬಿಜೆಪಿ ಸರ್ಕಾರವೇ ತಂದಾಗ, ಶೇ 18ರ ಮಿತಿ ಸಂವಿಧಾನ ತಿದ್ದುಪಡಿಯಲ್ಲೇ ಇರಲಿ ಎಂದು ಕಾಂಗ್ರೆಸ್ ಪಟ್ಟು ಹಿಡಿಯಿತು. 2017ರ ಜುಲೈ 1ಕ್ಕೆ ಅದು ಜಾರಿಯಾಯಿತು. ಇಂಥ ಕಡೆ ಒಬ್ಬ ಅಭ್ಯರ್ಥಿಯನ್ನು ಮಾತ್ರ ಹಿಡಿದು ಉಲ್ಟಾ ಹೊಡೆದರು ಎಂದರೆ ಅನ್ಯಾಯ. ಅವರು ಪಕ್ಷದ ಜೊತೆ ತಿರುಗಿದರೋ, ಪಕ್ಷಕ್ಕಿಂತ ಮೊದಲೇ ತಿರುಗಿದರೋ ಎಂಬುದನ್ನು ಮಾತ್ರ ಗುರುತು ಮಾಡಿಕೊಳ್ಳಿ. ಮೊದಲೇ ತಿರುಗಿದವರು ಯೋಚಿಸುವವರು.

ಎಂದೂ ಬದಲಾಗದವರನ್ನು ಈ ಪರೀಕ್ಷೆಯಿಂದ ಬಿಡಬಾರದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಸ್ಥಿರ ಮನಸ್ಸಿನವರು ಎಂಬ ಹೆಸರು ಸುಲಭವಾಗಿ ಬರುತ್ತದೆ. ಅವರಿಗೂ ಒಂದು ಪ್ರಶ್ನೆ ಇದೆ: ಇಷ್ಟು ವರ್ಷದಲ್ಲಿ ನೀವು ತಪ್ಪೆಂದು ಒಪ್ಪಿಕೊಂಡ ಒಂದು ನಿಲುವು ಯಾವುದು? ಗಾಂಧೀಜಿ 1933ರ ಏಪ್ರಿಲ್‌ನಲ್ಲಿ ಹರಿಜನ ಪತ್ರಿಕೆಯಲ್ಲಿ, ತಮ್ಮ ಎರಡು ಬರಹಗಳು ಹೊಂದದಿದ್ದರೆ ನಂತರದ್ದನ್ನು ಹಿಡಿಯಿರಿ ಎಂದು ಓದುಗರಿಗೆ ನೇರವಾಗಿಯೇ ಬರೆದರು. ಎರಡೂ ಬರಹ ಅಚ್ಚಾಗಿ ಎಲ್ಲರ ಕಣ್ಣೆದುರು ಇದ್ದವು ಎಂಬುದನ್ನು ಮರೆಯಬೇಡಿ. ಹಳೆಯದನ್ನು ಅಳಿಸಿ ಹೊಸದನ್ನು ತೋರಿಸುವವರು ಈ ಮಾತಿನ ನೆರಳಿಗೆ ಬರುವಂತಿಲ್ಲ.

ಒಂದು ಬದಲಾವಣೆಯಿಂದ ಹೇಳಲಾಗದ್ದು ಐದರಿಂದ ತಿಳಿಯುತ್ತದೆ. ಐದನ್ನೂ ಬರೆದ ಮೇಲೆ ಪ್ರತಿಯೊಂದರ ಎದುರು ಬಾಣದ ಗುರುತು ಹಾಕಿ: ಆ ಹೊತ್ತಿನ ಅಧಿಕಾರದ ಕಡೆಗೋ, ಅಧಿಕಾರದಿಂದ ದೂರಕ್ಕೋ. ಐದೂ ಬಾಣ ಒಂದೇ ಕಡೆ, ಅಧಿಕಾರದ ಕಡೆ ತಿರುಗಿದ್ದರೆ ನಾನಾದರೆ ಆ ಹೆಸರಿನ ಮುಂದಿನ ಗುಂಡಿ ಒತ್ತುವುದಿಲ್ಲ. ಅವರ ಈಗಿನ ಮಾತು ನನಗೆ ಎಷ್ಟೇ ಹಿಡಿಸಿದರೂ ಇಲ್ಲ, ಯಾಕೆಂದರೆ ಆರನೇ ಬಾಣ ಎತ್ತ ಹೋಗುತ್ತದೆ ಎಂದು ಈಗಲೇ ಗೊತ್ತು. ಎರಡೋ ಮೂರೋ ಎದುರು ದಿಕ್ಕಿಗೆ ಇದ್ದರೆ ಕೂತು ಮಾತಾಡುವಷ್ಟು ನಂಬಿಕೆ ಇಡಬಹುದು.

ಅಭ್ಯರ್ಥಿ ಅಥವಾ ಅವರ ಕಡೆಯವರು ಮತ ಕೇಳಲು ಬಂದಾಗ ‘ನೀವು ಯಾಕೆ ಬದಲಾದಿರಿ’ ಎಂದು ಕೇಳಬೇಡಿ, ಅದಕ್ಕೆ ಭಾಷಣ ಸಿದ್ಧವಿರುತ್ತದೆ. ‘ಇಂಥ ತಾರೀಖಿಗೆ ಇಲ್ಲಿ ಹೀಗೆ ಹೇಳಿದ್ದೀರಿ, ಅದು ಈಗ ತಪ್ಪೇ?’ ಎಂದು ಹೌದು-ಇಲ್ಲ ಉತ್ತರ ಬರುವ ಹಾಗೆ ಕೇಳಿ. ಆಮೇಲೆ, ‘ಈಗಿನ ನಿಲುವಿನಿಂದ ನಿಮ್ಮ ಬೆಂಬಲಿಗರಲ್ಲಿ ಯಾರಿಗೆ ಬೇಸರವಾಗಿದೆ?’ ಯಾರಿಗೂ ಇಲ್ಲ ಎಂದರೆ ಬೆಲೆ ತೆತ್ತಿಲ್ಲ ಎಂದು ಅರ್ಥ. ಕೊನೆಗೆ, ‘ಏನಾದರೆ ಮತ್ತೆ ಹಳೆಯ ನಿಲುವಿಗೆ ಹೋಗುತ್ತೀರಿ?’ ಪ್ರಾಮಾಣಿಕವಾಗಿ ಬದಲಾದವರು ಇದಕ್ಕೆ ಒಂದು ಷರತ್ತು ಹೇಳಬಲ್ಲರು: ಇಂಥ ಅಂಕಿ ಇಷ್ಟು ದಾಟಿದರೆ, ಈ ಯೋಜನೆ ಎರಡು ವರ್ಷದಲ್ಲಿ ಫಲ ಕೊಡದಿದ್ದರೆ, ಹೀಗೆ. ಉತ್ತರವನ್ನು ಅವರ ಮಾತಿನಲ್ಲೇ ಹಾಳೆಯ ಕೆಳಗೆ ಬರೆದು, ಆ ದಿನದ ತಾರೀಖು ಹಾಕಿ. ಉತ್ತರ ಕೊಡದೆ ಕೈಮುಗಿದು ಮುಂದಿನ ಮನೆಗೆ ಹೋದರೆ ಅದನ್ನೂ ತಾರೀಖಿನ ಸಮೇತ ಬರೆಯಿರಿ, ಮತ್ತು ಮುಂದಿನ ಚುನಾವಣೆವರೆಗೆ ಹಾಳೆಯನ್ನು ಮತದಾರರ ಗುರುತಿನ ಚೀಟಿಯ ಜೊತೆಯಲ್ಲೇ ಇಡಿ.